ಹರ್ಮನ್ನರ ಊರುಗಳಲ್ಲಿ

1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಆ ನೆನಪಿಗೆಂದೇ ನಾವು ಪ್ರತಿ ವರ್ಷ ಅಂದು ಪತ್ರಿಕಾ ದಿನ ಆಚರಿಸುತ್ತೇವೆ. ಅದರ ಸಂಪಾದಕ ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್. ಅದೇ ಮಂಗಳೂರಿನಲ್ಲಿ ಪತ್ರಿಕೆಯ ಕರಡು ತಿದ್ದುತ್ತಾ ನೌಕರಿ ಮುಗಿಸಿದ ನನಗೆ ಅವರು ಹುಟ್ಟಿದ ಊರನ್ನು ನೋಡಬೇಕೆಂಬ ಆಸೆ ಬಹಳ ಕಾಲದ್ದು. ಅಣ್ಣನ ಮಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಕೈಗೂಡಿತು.

“ಅತ್ತೆ, ಮೊಗ್ಲಿಂಗ್ ಒಬ್ಬರಿಗಾಗಿ ಇಷ್ಟು ದೂರ ಬರುತ್ತಿದ್ದೀರಿ. ಹರ್ಮನ್ ಎಂಬ ಹೆಸರು ಈ ದೇಶದಲ್ಲಿ ಬಲು ಹಳೆಯದು. ಆ ಹೆಸರಿನ ಇನ್ನೂ ಕೆಲವರನ್ನು ದಾರಿಯಲ್ಲೇ ನೋಡಿಬಿಡೋಣ” ಎಂದು ಅವನು ಫೋನಿನಲ್ಲಿ ಹೇಳಿದ. ಉತ್ತರದಿಂದ ದಕ್ಷಿಣಕ್ಕೆ ಇಳಿದುಬರುವ ರೈಲು ದಾರಿಯೊಂದನ್ನು ಅವನೇ ಗೊತ್ತುಮಾಡಿಟ್ಟಿದ್ದ.

ಶನಿವಾರ, ಡೆಟ್‌ಮೋಲ್ಡ್

ಊರಿನ ಹೊರಗೆ ಟ್ಯೂಟೊಬರ್ಗ್ ಕಾಡಿನ ಗುಡ್ಡದ ನೆತ್ತಿಯಲ್ಲಿ ಕತ್ತಿ ಎತ್ತಿ ಹಿಡಿದ ಹರ್ಮನ್ ನಿಂತಿದ್ದಾನೆ. ಪೀಠವೂ ಸೇರಿ ಸ್ಮಾರಕದ ಎತ್ತರ 53 ಮೀಟರಿಗೂ ಹೆಚ್ಚು. ಕತ್ತಿಯೊಂದೇ 7 ಮೀಟರ್ ಉದ್ದ. ಕಬ್ಬಿಣದ ಚೌಕಟ್ಟಿಗೆ ಹೊದಿಸಿದ ತಾಮ್ರದ ತಗಡು ಹಸಿರುಗಟ್ಟಿದೆ.

ಕ್ರಿ.ಶ. 9ರಲ್ಲಿ ಚೆರುಸ್ಕಿ ಬುಡಕಟ್ಟಿನ ಈ ನಾಯಕ ರೋಮನ್ ಸೇನಾನಿ ವಾರುಸ್‌ನ ಮೂರು ಲೀಜನ್‌ಗಳನ್ನು, ಅಂದರೆ ದೊಡ್ಡ ಸೇನಾದಳಗಳನ್ನು, ಕಾಡುದಾರಿಗೆ ಸೆಳೆದು ನಾಶಮಾಡಿದ. ಆತ ಸ್ವತಃ ರೋಮನ್ ಪೌರತ್ವ ಪಡೆದಿದ್ದವನು. ಅವರ ಸೇನೆಯಲ್ಲಿದ್ದು ಅವರ ಯುದ್ಧವಿದ್ಯೆಯನ್ನು ಕಲಿತವನು. ರೋಮನ್ನರು ಬರೆದಿಟ್ಟ ಅವನ ಹೆಸರು ಆರ್ಮಿನಿಯಸ್. ಹರ್ಮನ್ ಎಂಬ ಹೆಸರು ಅವನಿಗೆ ಅಂಟಿದ್ದು ಲೂಥರನ ಕಾಲಕ್ಕೆ, 16ನೆಯ ಶತಮಾನದಲ್ಲಿ. ಆಮೇಲೆ ಕವಿಗಳೂ ನಾಟಕಕಾರರೂ ರಾಜಕಾರಣಿಗಳೂ ಅವನನ್ನು ತಮಗೆ ಬೇಕಾದಂತೆ ಬೆಳೆಸಿದರು.

ಸ್ಮಾರಕ ಕಟ್ಟಿದ ಶಿಲ್ಪಿ ಅರ್ನ್ಸ್ಟ್ ಫಾನ್ ಬಾಂಡೆಲ್ 1838ರಲ್ಲಿ ಕೆಲಸ ಆರಂಭಿಸಿದರು. ಹಣವಿಲ್ಲದೆ ನಡುವೆ ಬಹಳ ವರ್ಷ ಅದು ನಿಂತುಹೋಯಿತು. ಕೊನೆಗೂ 1875ರ ಆಗಸ್ಟ್ 16ರಂದು, ಚಕ್ರವರ್ತಿ ಒಂದನೆಯ ವಿಲ್ಹೆಲ್ಮನ ಎದುರಿನಲ್ಲಿ ಉದ್ಘಾಟನೆಯಾಯಿತು. ಅಷ್ಟರಲ್ಲಿ ಜರ್ಮನಿ ಫ್ರಾನ್ಸನ್ನು ಸೋಲಿಸಿ ಒಂದೇ ಸಾಮ್ರಾಜ್ಯವಾಗಿತ್ತು. “ಜರ್ಮನ್ ಐಕ್ಯವೇ ನನ್ನ ಬಲ, ನನ್ನ ಬಲವೇ ಜರ್ಮನಿಯ ಶಕ್ತಿ” ಎಂದು ಕತ್ತಿಯ ಮೇಲೆ ಕೆತ್ತಿದ್ದಾರೆ. ಬಾಂಡೆಲ್ ತಂಗಿದ್ದ ಮರದ ಗುಡಿಸಲು ಈಗಲೂ ಹತ್ತಿರದಲ್ಲೇ ಇದೆ. ಪ್ರತಿಮೆಗಿಂತ ಆ ಗುಡಿಸಲು ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು. ಮೂವತ್ತೇಳು ವರ್ಷ ಒಂದೇ ಕೆಲಸವನ್ನು ಬಿಡದೆ ಹಿಡಿದ ಮನುಷ್ಯ ಅಲ್ಲಿ ವಾಸವಿದ್ದರು.

ಯುದ್ಧ ನಡೆದದ್ದು ಈ ಗುಡ್ಡದಲ್ಲಲ್ಲ ಎಂದೇ ಈಗ ಬಹುಪಾಲು ವಿದ್ವಾಂಸರ ಅಭಿಪ್ರಾಯ. 1987ರಿಂದ ಓಸ್ನಾಬ್ರೂಕ್ ಬಳಿಯ ಕಾಲ್‌ಕ್ರೀಜ಼ೆಯಲ್ಲಿ ರೋಮನ್ ನಾಣ್ಯಗಳು, ಕವಣೆಯ ಸೀಸದ ಗುಂಡುಗಳು, ಕುದುರೆ ಸವಾರನ ಮುಖವಾಡ ಎಲ್ಲ ಸಿಕ್ಕಿವೆ.

ಈ ವೀರನ ಹೆಂಡತಿ ಥುಸ್ನೆಲ್ಡಾ. ಆಕೆಯ ತಂದೆಯೇ ಆಕೆಯನ್ನು, ಬಸುರಿಯಾಗಿದ್ದಾಗ, ರೋಮನ್ನರ ಕೈಗೆ ಒಪ್ಪಿಸಿದ. ಕ್ರಿ.ಶ. 17ರಲ್ಲಿ ರೋಮಿನ ಬೀದಿಯಲ್ಲಿ ನಡೆದ ವಿಜಯೋತ್ಸವದ ಮೆರವಣಿಗೆಯಲ್ಲಿ ಆಕೆ ಮಗುವಿನೊಂದಿಗೆ ಸೆರೆಯಾಳಾಗಿ ಸಾಗಬೇಕಾಯಿತು. ನಾಲ್ಕು ವರ್ಷಗಳ ನಂತರ ಆರ್ಮಿನಿಯಸ್‌ನನ್ನು ಅವನ ಬಂಧುಗಳೇ ಕೊಂದರು. ಗುಡ್ಡದ ಮೇಲೆ ನಿಂತು ಇದನ್ನೆಲ್ಲ ನೆನೆಯುವಾಗ ನನಗೆ ಆ ಕತ್ತಿಯ ಮೇಲೆ ಅಭಿಮಾನ ಹುಟ್ಟಲಿಲ್ಲ.

ಭಾನುವಾರ, ಗೋಟಿಂಗನ್

ವಿಶ್ವವಿದ್ಯಾಲಯದ ಊರು. ಭಾನುವಾರವಾದ್ದರಿಂದ ಅಂಗಡಿಗಳೆಲ್ಲ ಮುಚ್ಚಿದ್ದವು. ಮಧ್ಯಾಹ್ನದ ರೈಲಿನವರೆಗೆ ಹಳೆಯ ಊರಿನಲ್ಲಿ ಸುತ್ತಾಡಿದೆವು.

ದೇಶ ಮತ್ತು ಕಾಲ ಬೇರೆಬೇರೆಯಲ್ಲ, ಎರಡೂ ಸೇರಿ ಒಂದೇ ಎಂಬ ಗಣಿತವನ್ನು 1908ರಲ್ಲಿ ಲೋಕದ ಮುಂದಿಟ್ಟ ಹರ್ಮನ್ ಮಿಂಕೋವ್‌ಸ್ಕಿ ಇಲ್ಲಿ ಪ್ರಾಧ್ಯಾಪಕರಾಗಿದ್ದರು. ಪಾಳಿ ವಿನಯಪಿಟಕವನ್ನು ಸಂಪಾದಿಸಿದ, ಬುದ್ಧನ ಬದುಕಿನ ಬಗ್ಗೆ 1881ರಲ್ಲೇ ಬರೆದ ಹರ್ಮನ್ ಓಲ್ಡನ್‌ಬರ್ಗ್ ತೀರಿಕೊಂಡದ್ದೂ ಇಲ್ಲಿಯೇ. ಸಂಸ್ಕೃತದ ಕೆಲಸ ಮಾಡಿದ ಹರ್ಮನ್ನರು ಇನ್ನೂ ಇದ್ದಾರೆ. ಜೈನ ಆಗಮಗಳನ್ನು ಇಂಗ್ಲಿಷಿಗೆ ತಂದು, ಜೈನಮತವು ಬೌದ್ಧಮತದ ಕವಲಲ್ಲ ಎಂದು ಸಾಧಿಸಿದವರು ಹರ್ಮನ್ ಯಾಕೋಬಿ. ಋಗ್ವೇದಕ್ಕೆ ನಿಘಂಟು ಬರೆದ ಹರ್ಮನ್ ಗ್ರಾಸ್‌ಮನ್ ಸ್ಟೆಟಿನ್ ಊರಿನ ಶಾಲಾ ಮೇಷ್ಟ್ರು. ಅವರ ಗಣಿತವನ್ನು ಆ ಕಾಲದವರು ಅರ್ಥಮಾಡಿಕೊಳ್ಳಲಿಲ್ಲ. ಇಂದು ಅದು ರೇಖೀಯ ಬೀಜಗಣಿತದ ಬುನಾದಿಗಳಲ್ಲಿ ಒಂದು.

ಗಣಿತಜ್ಞ ಹರ್ಮನ್ ವೈಲ್ 1933ರಲ್ಲಿ ಈ ಊರು ಬಿಟ್ಟು ಅಮೆರಿಕಕ್ಕೆ ಹೋದರು. ಅವರ ಹೆಂಡತಿ ಯೆಹೂದಿ ಮನೆತನದವರು. ಆಗ ಅಧಿಕಾರದಲ್ಲಿದ್ದವರಲ್ಲಿ ಹಿಟ್ಲರನ ಬಲಗೈಯಾಗಿದ್ದವನು ಹರ್ಮನ್ ಗೋರಿಂಗ್. ಗೆಸ್ಟಾಪೊ ಎಂಬ ಗುಪ್ತ ಪೊಲೀಸ್ ಪಡೆ ಕಟ್ಟಿದವನು, ಯೆಹೂದಿಗಳ ಸಂಪೂರ್ಣ ನಾಶದ ಯೋಜನೆ ತಯಾರಿಸಲು 1941ರ ಜುಲೈಯಲ್ಲಿ ಆದೇಶಪತ್ರಕ್ಕೆ ಸಹಿ ಹಾಕಿದವನು. ಈ ಹೆಸರಿನ ಕಥೆ ಬರೆಯುವಾಗ ಅವನನ್ನು ಬಿಟ್ಟುಬಿಟ್ಟರೆ ಬರಹ ಸುಳ್ಳಾಗುತ್ತದೆ. ನ್ಯೂರೆಂಬರ್ಗ್ ನ್ಯಾಯಾಲಯ ಮರಣದಂಡನೆ ವಿಧಿಸಿದ ಮೇಲೆ, 1946ರ ಅಕ್ಟೋಬರ್ 15ರ ರಾತ್ರಿ ಅವನು ಸೆರೆಮನೆಯಲ್ಲಿ ವಿಷ ನುಂಗಿ ಸತ್ತ.

ಸೋಮವಾರ, ಬ್ರಾಕೆನ್‌ಹೈಮ್ ಮತ್ತು ಎಸ್ಲಿಂಗನ್

ನಾನು ಕಾದಿದ್ದ ದಿನ. ಬ್ರಾಕೆನ್‌ಹೈಮ್‌ಗೆ ಈಗ ರೈಲು ಇಲ್ಲ. ಕವಿ ಹೋಲ್ಡರ್‌ಲಿನ್ ಹುಟ್ಟಿದ ಲೌಫನ್‌ನಲ್ಲಿ ರೈಲು ಇಳಿದು ಬಸ್ಸು ಹಿಡಿಯಬೇಕು. ದಾರಿಯ ಎರಡೂ ಬದಿಗೆ ದ್ರಾಕ್ಷಿಯ ತೋಟಗಳು, ಕೆಂಪು ಹೆಂಚಿನ ಊರುಗಳು. ಹೆಂಚು ಕಂಡಾಗ ಮಂಗಳೂರು ನೆನಪಾಗದೆ ಇರುತ್ತದೆಯೇ? ನಮ್ಮ ಕಡೆಗೆ ಹೆಂಚಿನ ಕಾರ್ಖಾನೆ ತಂದವರೂ ಮೊಗ್ಲಿಂಗರನ್ನು ಕಳುಹಿಸಿದ ಕ್ರೈಸ್ತ ಮತಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ನಿನವರೇ.

1811ರ ಮೇ 29ರಂದು ಮೊಗ್ಲಿಂಗ್ ಹುಟ್ಟಿದ್ದು ಈ ಸಣ್ಣ ಊರಿನಲ್ಲಿ. ಇಲ್ಲಿನವರಿಗೆ ತಮ್ಮ ಊರಿನ ದೊಡ್ಡ ಮಗನೆಂದರೆ ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಾಧ್ಯಕ್ಷ ಥಿಯೋಡೋರ್ ಹಾಯ್ಸ್. ಅವರ ಹೆಸರಿನಲ್ಲಿ ವಸ್ತುಸಂಗ್ರಹಾಲಯವಿದೆ. ಅದು ಸಹಜ. ಬ್ರೆಡ್ಡಿನ ಅಂಗಡಿಯಲ್ಲಿದ್ದ ಹಿರಿಯ ಹೆಂಗಸೊಬ್ಬರು ನಾವು ಎಲ್ಲಿಂದ ಬಂದವರು, ಏಕೆ ಬಂದಿರಿ ಎಂದು ವಿಚಾರಿಸಿದರು. ಅಣ್ಣನ ಮಗ ಜರ್ಮನ್ ಭಾಷೆಯಲ್ಲಿ ವಿವರಿಸಿದ: ಈ ಊರಿನವರೊಬ್ಬರು ನಮ್ಮ ಭಾಷೆಯ ಮೊದಲ ಪತ್ರಿಕೆ ತೆಗೆದರು, ನಮ್ಮ ಅತ್ತೆ ಪತ್ರಿಕೆಯಲ್ಲಿ ಕೆಲಸ ಮಾಡಿದವರು. ಅವರು ಕೈ ಒರೆಸಿಕೊಂಡು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು. ಹೆಸರನ್ನು ಎರಡು ಸಲ ಕೇಳಿ ಚೀಟಿಯಲ್ಲಿ ಬರೆದುಕೊಂಡರು. ಕೊಂಡ ತಿಂಡಿಗೆ ಹಣ ತೆಗೆದುಕೊಳ್ಳಲೇ ಇಲ್ಲ.

ಚರ್ಚಿನ ಬಳಿ ಕಲ್ಲಿನ ಬೆಂಚಿನ ಮೇಲೆ ಕುಳಿತು ಅವನಿಗೆ ಮೊಗ್ಲಿಂಗ್ ಕಥೆ ಹೇಳಿದೆ. 1836ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಮಂಗಳೂರಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡುವ ಅಗತ್ಯ ಅವರಿಗೂ ಇರಲಿಲ್ಲ, ನಮಗೂ ಬೇಡ. ಆದರೆ ಜನರ ಭಾಷೆ ಕಲಿಯದೆ ಜನರ ಹತ್ತಿರ ಹೋಗಲಾಗದು ಎಂದು ಕನ್ನಡಕ್ಕೆ ಇಳಿದವರು, ಆ ಕನ್ನಡದಿಂದ ಮತ್ತೆ ಮೇಲೆ ಬರಲಿಲ್ಲ. 1841ರಲ್ಲಿ ಮಿಷನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಎರಡು ವರ್ಷಕ್ಕೆ ‘ಮಂಗಳೂರ ಸಮಾಚಾರ’. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಊರಿನ ಸುದ್ದಿ, ಸರಕಾರದ ಆಜ್ಞೆಗಳು, ದೂರದ ರಾಜ್ಯಗಳ ವರ್ತಮಾನ, ಕಥೆ, ಬುದ್ಧಿಮಾತು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

“ಅಕ್ಷರ ಜೋಡಿಸುವ ಅಚ್ಚುಮೊಳೆ ಇರಲಿಲ್ಲವೇ?” ಎಂದು ಅವನು ಕೇಳಿದ. ಇರಲಿಲ್ಲ. ಪ್ರತಿ ಪುಟವನ್ನೂ ಕೈಯಲ್ಲಿ ಬರೆದು ಆ ಬರಹವನ್ನೇ ಕಲ್ಲಿಗೆ ಇಳಿಸಿ ಅಚ್ಚು ತೆಗೆಯಬೇಕು. ಕಲ್ಲಿಗೆ ಇಳಿದ ತಪ್ಪು ಹಾಗೆಯೇ ಉಳಿಯುತ್ತದೆ. ಕರಡು ತಿದ್ದಿದ ನನಗೆ ಆ ಕೆಲಸದ ಎದೆಬಡಿತ ಗೊತ್ತು.

ಪತ್ರಿಕೆಗಿಂತಲೂ ದೊಡ್ಡದು ಅವರ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ ಎಂಬುದು ನನ್ನ ದೃಢ ಅಭಿಪ್ರಾಯ. ಮದರಾಸಿನ ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಎಂಬವರು ಹಣ ಕೊಟ್ಟರು. 1848ರಿಂದ ಆರಂಭಿಸಿ ಕೆಲವೇ ವರ್ಷಗಳಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ತಾಳೆಗರಿಯಿಂದ ಕಾಗದಕ್ಕೆ ಬಂದವು. ದಾಸರ ಪದಗಳನ್ನು ಒಟ್ಟುಗೂಡಿಸಿ ಅಚ್ಚು ಹಾಕಿದವರು ಒಬ್ಬ ಪಾದ್ರಿ! ವೀರಶೈವರ ಪುರಾಣ, ಹರಿದಾಸರ ಹಾಡು ಯಾವುದನ್ನೂ ಅವರು ಇದು ಅನ್ಯರದೆಂದು ಬದಿಗೆ ಸರಿಸಲಿಲ್ಲ. ಮುಂದೆ ಆ ಹಾಡುಗಳಲ್ಲಿ ಕೆಲವನ್ನು ಜರ್ಮನ್ ಪದ್ಯಕ್ಕೆ ತಂದು ಅಲ್ಲಿನ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1853ರಲ್ಲಿ ಕೊಡಗಿಗೆ ಹೋದರು. ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲೂ ಜರ್ಮನ್ನಿನಲ್ಲೂ ಬರೆದರು.

1860ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮತ್ತೆ ಕನ್ನಡನಾಡನ್ನು ನೋಡಲಿಲ್ಲ. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಸಂಜೆ ಅಲ್ಲಿಗೂ ಹೋದೆವು. ನೆಕ್ಕರ್ ನದಿಯ ದಂಡೆ, ಮರದ ತೊಲೆಗಳ ಹಳೆಯ ಮನೆಗಳು, ಮೇಲೆ ಕೋಟೆಯ ಗೋಡೆ. ಸ್ಟುಟ್‌ಗಾರ್ಟ್‌ನಿಂದ ಲೋಕಲ್ ರೈಲಿನಲ್ಲಿ ಸ್ವಲ್ಪವೇ ದೂರ. ಸ್ಟುಟ್‌ಗಾರ್ಟ್‌ಗೆ ಬರುವ ಕನ್ನಡಿಗರು ಕಾರಿನ ಮ್ಯೂಸಿಯಂಗಳನ್ನು ನೋಡುತ್ತಾರೆ. ಒಂದು ಸಂಜೆಯನ್ನು ಎಸ್ಲಿಂಗನ್‌ಗೆ ಎತ್ತಿಡಿ ಎಂದು ಅವರಲ್ಲಿ ಕೇಳಿಕೊಳ್ಳುತ್ತೇನೆ.

ಮಂಗಳವಾರ, ಮೌಲ್‌ಬ್ರಾನ್ ಮತ್ತು ಕಾಲ್ವ್

ಮೌಲ್‌ಬ್ರಾನ್ ಮಠ ಯುನೆಸ್ಕೊ ಪಟ್ಟಿಯಲ್ಲಿದೆ. 12ನೆಯ ಶತಮಾನದ ಸಿಸ್ಟರ್ಷಿಯನ್ ಸಂನ್ಯಾಸಿಗಳು ಕಟ್ಟಿದ್ದು. ಮುಂದೆ ಪ್ರೊಟೆಸ್ಟೆಂಟರ ವಸತಿಶಾಲೆಯಾಯಿತು. ಇಲ್ಲಿ ಇಬ್ಬರು ಹರ್ಮನ್ನರು ಓದಿದರು. ಮೊದಲಿಗರು, ಮುಂದೆ ಮಲಯಾಳಕ್ಕೆ ನಿಘಂಟು ಬರೆದ ಹರ್ಮನ್ ಗುಂಡರ್ಟ್. ಎರಡನೆಯವರು ಅವರ ಮಗಳ ಮಗ, ‘ಸಿದ್ಧಾರ್ಥ’ ಕಾದಂಬರಿಯ ಹರ್ಮನ್ ಹೆಸ್ಸೆ. ಅಜ್ಜ ಇಲ್ಲಿಂದ ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಮೊಮ್ಮಗ 1892ರ ಮಾರ್ಚಿನಲ್ಲಿ, ಹದಿನಾಲ್ಕರ ಹುಡುಗ, ಶಾಲೆಯಿಂದ ಓಡಿಹೋದ. ಕಮಾನುಗಳ ಕೆಳಗಿನ ಕಾರಂಜಿಯ ತಣ್ಣನೆಯ ಮಂಟಪ ಎಷ್ಟು ಸುಂದರವಾಗಿದೆಯೆಂದರೆ ಇಲ್ಲಿಂದ ಓಡಿಹೋಗಲು ಮನಸ್ಸು ಹೇಗೆ ಬಂತು ಎನಿಸುತ್ತದೆ. ಆದರೆ ಆ ಹುಡುಗ ಕವಿಯಾಗಬೇಕೆಂದು ಹಟ ಹಿಡಿದವನು. ಪಾದ್ರಿಗಳನ್ನು ತಯಾರಿಸುವ ಶಾಲೆಯ ಗೋಡೆ ಅವನಿಗೆ ಒಗ್ಗಲಿಲ್ಲ.

ಫೋರ್ಟ್ಸ್‌ಹೈಮ್‌ನಲ್ಲಿ ರೈಲು ಬದಲಿಸಿ ನಾಗೋಲ್ಡ್ ನದಿಯ ಕಣಿವೆಯಲ್ಲಿ ಕಾಲ್ವ್‌ಗೆ ಬಂದೆವು. ಕಪ್ಪು ಕಾಡಿನ ಅಂಚಿನ ಇಳಿಜಾರು ಊರು. ಮಾರುಕಟ್ಟೆ ಚೌಕದಲ್ಲಿ ಹೆಸ್ಸೆ 1877ರ ಜುಲೈ 2ರಂದು ಹುಟ್ಟಿದ ಮನೆ ಇದೆ. ನದಿಯ ಮೇಲಿನ ಹಳೆಯ ನಿಕೋಲಸ್ ಸೇತುವೆಯ ನಡುವೆ ಪುಟ್ಟ ಪ್ರಾರ್ಥನಾ ಮಂದಿರ. ಸೇತುವೆಯ ಮೇಲೆ ಹ್ಯಾಟು ಕೈಯಲ್ಲಿ ಹಿಡಿದ ಹೆಸ್ಸೆಯ ಕಂಚಿನ ಪ್ರತಿಮೆ. ಪೀಠವಿಲ್ಲ, ಕತ್ತಿಯಿಲ್ಲ. ನಮ್ಮಷ್ಟೇ ಎತ್ತರದಲ್ಲಿ, ನಡೆದುಹೋಗುವವರ ನಡುವೆಯೇ ನಿಂತಿದ್ದಾರೆ. ಡೆಟ್‌ಮೋಲ್ಡಿನಲ್ಲಿ ನನಗೆ ಸಿಗದ ಹರ್ಮನ್ ಇಲ್ಲಿ ಸಿಕ್ಕರು.

ಆದರೆ ನಮ್ಮ ಕರಾವಳಿಯವರಿಗೆ ಕಾಲ್ವ್ ಎಂದರೆ ಗುಂಡರ್ಟರ ಊರು. ಹುಟ್ಟಿದ್ದು ಸ್ಟುಟ್‌ಗಾರ್ಟ್, 1814. 1836ರಲ್ಲಿ ಮದರಾಸಿಗೆ ಬಂದರು, ಆಮೇಲೆ ಬಾಸೆಲ್ ಮಿಷನ್ ಸೇರಿ ತಲಶ್ಶೇರಿಯಲ್ಲಿ ನೆಲೆಸಿದರು. 1847ರಲ್ಲಿ ಮಲಯಾಳದ ‘ರಾಜ್ಯಸಮಾಚಾರಂ’ ಪತ್ರಿಕೆ ತೆಗೆದರು. ನೋಡಿ, ಕನ್ನಡದ ಮೊದಲ ಪತ್ರಿಕೆಯೂ ಒಬ್ಬ ಹರ್ಮನ್ ಕೈಯಿಂದ, ಮಲಯಾಳದ್ದೂ ಇನ್ನೊಬ್ಬ ಹರ್ಮನ್ ಕೈಯಿಂದ; ಇಬ್ಬರೂ ಹಳೆಯ ಸ್ನೇಹಿತರು. ಗುಂಡರ್ಟರ ಮಲಯಾಳ–ಇಂಗ್ಲಿಷ್ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಆಗ ಅವರು ಕಾಲ್ವ್‌ನಲ್ಲಿದ್ದರು, ಇಲ್ಲಿನ ಪ್ರಕಾಶನ ಸಂಸ್ಥೆಯ ಮುಖ್ಯಸ್ಥರಾಗಿ. ಈ ಕಣಿವೆಯಿಂದ ನಮ್ಮ ಊರಿಗೆ ಹಾಳೆಗಳು ಹಡಗಿನಲ್ಲಿ ಓಡಾಡುತ್ತಿದ್ದ ಕಾಲ ಅದು.

ಹೆಸ್ಸೆಯ ತಾಯಿ ಮರೀ 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಂದೆ ಯೋಹಾನ್ನೆಸ್ ಕೂಡ ಭಾರತದಲ್ಲಿ ಬಾಸೆಲ್ ಮಿಷನ್ನಿನ ಕೆಲಸದಲ್ಲಿದ್ದು ಆರೋಗ್ಯ ಕೆಟ್ಟು ಮರಳಿದವರು. ಹಲವು ಭಾರತೀಯ ಭಾಷೆಗಳನ್ನು ಬಲ್ಲ ಅಜ್ಜ, ಅವರ ಪುಸ್ತಕದ ಕೋಣೆ, ಪೂರ್ವದೇಶದ ವಸ್ತುಗಳಿದ್ದ ಕಪಾಟು. ಇವುಗಳ ನಡುವೆ ಹೆಸ್ಸೆ ಬೆಳೆದರು. 1911ರಲ್ಲಿ ಪೂರ್ವಕ್ಕೆ ಹಡಗು ಹತ್ತಿ ಸಿಲೋನ್, ಸುಮಾತ್ರಾಗಳವರೆಗೆ ಹೋದರು. ತಾಯಿ ಹುಟ್ಟಿದ ಮಲಬಾರಿಗೆ ಮಾತ್ರ ಬರಲಾಗಲಿಲ್ಲ. 1922ರಲ್ಲಿ ‘ಸಿದ್ಧಾರ್ಥ’ ಪ್ರಕಟವಾಯಿತು, 1946ರಲ್ಲಿ ನೊಬೆಲ್ ಬಂತು. ಆ ಕಾದಂಬರಿಯನ್ನು ನಾನು ಓದಿದ್ದು ಕಾಲೇಜಿನಲ್ಲಿ. ಅದರ ಹಿಂದೆ ನಮ್ಮ ಪಕ್ಕದ ತಲಶ್ಶೇರಿಯ ಮನೆಯೊಂದಿದೆ ಎಂದು ಆಗ ಯಾರೂ ಹೇಳಿಕೊಡಲಿಲ್ಲ. ಈಗಲಾದರೂ ಪಾಠ ಮಾಡುವವರು ಹೇಳಬೇಕು.

ಬುಧವಾರ, ಟ್ಯೂಬಿಂಗನ್

ಕಾಲ್ವ್‌ನಿಂದ ಹೋರ್ಬ್ ಮೂಲಕ ರೈಲು. ಮೊಗ್ಲಿಂಗ್, ಗುಂಡರ್ಟ್ ಇಬ್ಬರೂ ಧರ್ಮಶಾಸ್ತ್ರ ಓದಿದ್ದು ಈ ಊರಿನಲ್ಲಿ. ನೆಕ್ಕರ್ ದಂಡೆಯ ಮೇಲಿರುವ ಟ್ಯೂಬಿಂಗನ್ ಸ್ಟಿಫ್ಟ್ ಎಂಬ ವಿದ್ಯಾರ್ಥಿನಿಲಯದಲ್ಲಿ ಹೆಗೆಲ್, ಹೋಲ್ಡರ್‌ಲಿನ್ ಕೂಡ ಇದ್ದರು. ಮೊಗ್ಲಿಂಗರ ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಇಲ್ಲಿನ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಕನ್ನಡಕ್ಕಾಗಿ, ಯುರೋಪಿನ ಒಂದು ಹಳೆಯ ವಿಶ್ವವಿದ್ಯಾಲಯದಲ್ಲಿ, 1858ರಲ್ಲಿ! ಮುಂದೆ ನಿಘಂಟಿನ ಫರ್ಡಿನೆಂಡ್ ಕಿಟ್ಟೆಲ್‌ರಿಗೂ ಇಲ್ಲಿಂದಲೇ ಅದೇ ಗೌರವ ದೊರೆಯಿತು. ಕಿಟ್ಟೆಲ್ 1903ರಲ್ಲಿ ಕಣ್ಣುಮುಚ್ಚಿದ್ದೂ ಈ ಊರಿನಲ್ಲೇ.

ಗುಂಡರ್ಟರು ಭಾರತದಿಂದ ತಂದ ತಾಳೆಗರಿಗಳೂ ಹಸ್ತಪ್ರತಿಗಳೂ ಇಲ್ಲಿನ ಗ್ರಂಥಾಲಯದಲ್ಲಿವೆ. ಅವನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅವರ ಹೆಸರಿನಲ್ಲಿ ಮಲಯಾಳ ಪೀಠವೂ ಇದೆ. ಕೇರಳದವರು ಗುಂಡರ್ಟರನ್ನು ಮರೆತಿಲ್ಲ. ತಲಶ್ಶೇರಿಯಲ್ಲಿ ಅವರ ಪ್ರತಿಮೆ ಇದೆ, ಅವರಿದ್ದ ಬಂಗಲೆಯನ್ನು ಉಳಿಸಿಕೊಂಡಿದ್ದಾರೆ. ಇಂಥದೊಂದು ಪೀಠ ಮೊಗ್ಲಿಂಗರ ಹೆಸರಿನಲ್ಲೂ ಟ್ಯೂಬಿಂಗನ್‌ನಲ್ಲಿ ಇರಬೇಕೆಂದು ನನ್ನ ಬಯಕೆ. ಅದನ್ನು ಬೆಂಗಳೂರಿನಲ್ಲಿ ಅಧಿಕಾರದಲ್ಲಿರುವವರು ಓದಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಹೆಕ್ಕನ್‌ಹೌವರ್ ಪುಸ್ತಕದಂಗಡಿಗೆ ಹೋದೆವು. ಶಾಲೆ ಬಿಟ್ಟ ಹೆಸ್ಸೆ 1895ರಿಂದ 1899ರವರೆಗೆ ಇಲ್ಲಿ ಪುಸ್ತಕ ಜೋಡಿಸುತ್ತಾ, ಕಟ್ಟು ಕಟ್ಟುತ್ತಾ ಕೆಲಸ ಕಲಿತರು.

ಗುರುವಾರ, ರೈಖನೌ

ಕಾನ್‌ಸ್ಟನ್ಸ್ ಸರೋವರದ ನಡುಗಡ್ಡೆ. ಮುಖ್ಯಭೂಮಿಯಿಂದ ನೀರಿನ ನಡುವೆ ಪೋಪ್ಲರ್ ಮರಗಳ ಸಾಲಿನ ರಸ್ತೆ. ದ್ವೀಪದ ತುಂಬ ತರಕಾರಿ ತೋಟಗಳು, ಗಾಜಿನ ಮನೆಗಳು. ನಡುನಡುವೆ ಸಾವಿರ ವರ್ಷ ಹಳೆಯ ಮೂರು ಚರ್ಚುಗಳು. ಸೇಂಟ್ ಜಾರ್ಜ್ ಚರ್ಚಿನ ಗೋಡೆಯ ಮೇಲೆ ಏಸುವಿನ ಪವಾಡಗಳ ಚಿತ್ರಗಳಿವೆ.

ಇಲ್ಲಿದ್ದವರು ಸಂನ್ಯಾಸಿ ಹರ್ಮನ್. 1013ರಲ್ಲಿ ಒಬ್ಬ ಸಾಮಂತನ ಮಗನಾಗಿ ಹುಟ್ಟಿದರು. ಎಳವೆಯಿಂದಲೇ ಕೈಕಾಲು ಸ್ವಾಧೀನದಲ್ಲಿಲ್ಲ. ಮಗ್ಗುಲು ಬದಲಿಸಲೂ ಯಾರಾದರೂ ಬೇಕು. ಮಾತು ಕಷ್ಟಪಟ್ಟರೆ ಮಾತ್ರ ಅರ್ಥವಾಗುವಷ್ಟು. ಏಳನೆಯ ವರ್ಷಕ್ಕೆ ಮಠದ ಶಾಲೆಗೆ ಬಿಟ್ಟರು. ಹೊತ್ತು ತರುವ ಕುರ್ಚಿಯಲ್ಲಿ ಕುಳಿತು ಅವರು ನಕ್ಷತ್ರಗಳ ಎತ್ತರ ಅಳೆಯುವ ಆಸ್ಟ್ರೋಲೇಬ್ ಯಂತ್ರದ ಬಗ್ಗೆ ಬರೆದರು. ಗಣಿತ ಬರೆದರು, ಸಂಗೀತದ ಸ್ವರಾಂತರಗಳನ್ನು ಅಕ್ಷರಗಳಿಂದ ಗುರುತಿಸುವ ಪದ್ಧತಿ ರೂಪಿಸಿದರು, ಕ್ರಿಸ್ತನ ಹುಟ್ಟಿನಿಂದ ತಮ್ಮ ಕಾಲದವರೆಗಿನ ಚರಿತ್ರೆಯನ್ನು ವರ್ಷವರ್ಷದ ಲೆಕ್ಕದಲ್ಲಿ ದಾಖಲಿಸಿದರು. 1054ರಲ್ಲಿ ತೀರಿಕೊಂಡರು. ಅವರ ಶಿಷ್ಯ ಬೆರ್ಟೋಲ್ಡ್ ಗುರುವಿನ ಬದುಕಿನ ಬಗ್ಗೆ ಬರೆದು ಚರಿತ್ರೆಯನ್ನು ಮುಂದುವರಿಸಿದರು. ಗುರುಗಳ ದೇಹದ ಸಂಕಟದ ಜೊತೆಗೆ ಅವರ ನಗುಮುಖವನ್ನೂ ಆ ಶಿಷ್ಯ ನೆನೆದಿದ್ದಾರೆ.

ನಾನು ನೋಡಿದ ಹರ್ಮನ್ನರಲ್ಲಿ ನನ್ನ ತಲೆ ತಾನಾಗಿ ಬಾಗಿದ್ದು ಇವರೆದುರು. ಕತ್ತಿ ಎತ್ತಲು ಬಲವಾದ ತೋಳು ಬೇಕು. ಲೇಖನಿಯನ್ನೂ ಸರಿಯಾಗಿ ಹಿಡಿಯಲಾರದ ಬೆರಳಿನಿಂದ ಒಂದು ಶತಮಾನಕ್ಕೆ ಕಲಿಸುವಷ್ಟು ಕೆಲಸ ಆಯಿತಲ್ಲ, ಅದಕ್ಕೆ ಏನು ಬೇಕು ಎಂದು ಮಿಟ್ಟೆಲ್‌ಸೆಲ್‌ನ ದೊಡ್ಡ ಚರ್ಚಿನ ನೆರಳಿನಲ್ಲಿ ಬಹಳ ಹೊತ್ತು ಯೋಚಿಸಿದೆ. ಅಣ್ಣನ ಮಗ ಅವಸರ ಮಾಡಲಿಲ್ಲ.

ಶುಕ್ರವಾರ, ಬಾಸೆಲ್

ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಬಂದದ್ದು ಒಬ್ಬ ಹರ್ಮನ್‌ಗಾಗಿ. ಇವರು ಜರ್ಮನ್ನರಲ್ಲ, ಮಂಗಳೂರಿನವರು.

ಆನಂದರಾವ್ ಕೌಂಡಿನ್ಯ ಮಂಗಳೂರಿನ ಬ್ರಾಹ್ಮಣ ಮನೆತನದ ಹುಡುಗ, ಮೊಗ್ಲಿಂಗರ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಕ್ರೈಸ್ತಮತ ಸ್ವೀಕರಿಸಿದಾಗ ಗುರುವಿನ ಹೆಸರನ್ನೇ ತಾವೂ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಊರಿನಲ್ಲಿ ದೊಡ್ಡ ಗಲಾಟೆಯಾಯಿತು. ಮಗನನ್ನು ಕಳೆದುಕೊಂಡಂತಾದ ಆ ಮನೆಯ ದುಃಖವನ್ನು ನಾನು ಸಣ್ಣದೆಂದು ಹೇಳಲಾರೆ. ಹುಡುಗನ ನಿರ್ಧಾರವನ್ನೂ ಸಣ್ಣದೆನ್ನಲಾರೆ. 1846ರಲ್ಲಿ ಅವರು ಬಾಸೆಲ್‌ಗೆ ಓದಲು ಬಂದರು. 1851ರಲ್ಲಿ ದೀಕ್ಷೆ ಪಡೆದರು. ಬಾಸೆಲ್ ಮಿಷನ್ ಪಾದ್ರಿಯಾಗಿ ಅಭಿಷೇಕಿಸಿದ ಮೊದಲ ಭಾರತೀಯ ಅವರು. ಊರಿಗೆ ಮರಳಿ ಮಂಗಳೂರಿನಲ್ಲಿ ಪಾಠ ಮಾಡಿದರು. 1860ರಲ್ಲಿ ಜರ್ಮನ್ ಹೆಣ್ಣುಮಗಳು ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು.

ಮಿಷನ್ ರಸ್ತೆಯ 21ನೆಯ ಸಂಖ್ಯೆಯ ದೊಡ್ಡ ಕಟ್ಟಡ ಬಾಸೆಲ್ ಮಿಷನ್ನಿನದು. ನಮ್ಮ ಕರಾವಳಿ, ಧಾರವಾಡ, ಕೊಡಗುಗಳಿಂದ ಬರೆದ ಪತ್ರಗಳೂ ತೆಗೆದ ಚಿತ್ರಗಳೂ ಇಲ್ಲಿನ ಪತ್ರಾಗಾರದಲ್ಲಿ ಜೋಪಾನವಾಗಿವೆ. ಚಿತ್ರಗಳಲ್ಲಿ ಬಹಳಷ್ಟನ್ನು ಅಂತರ್ಜಾಲದಲ್ಲಿ ಮನೆಯಿಂದಲೇ ನೋಡಬಹುದು. ಕೌಂಡಿನ್ಯರು ಓದಿದ ಕಾಲಕ್ಕೆ ಈ ಕಟ್ಟಡ ಇರಲಿಲ್ಲ, ಅದು ಎದ್ದದ್ದು 1860ರಲ್ಲಿ. ಆದರೂ ಅದರ ಅಂಗಳದ ಮರಗಳ ಕೆಳಗೆ ಕುಳಿತಾಗ, ಧರ್ಮಶಾಸ್ತ್ರವನ್ನು ಜರ್ಮನ್ ಭಾಷೆಯಲ್ಲಿ ಓದುತ್ತಿದ್ದ, ಇಪ್ಪತ್ತು ತುಂಬಿದ ಮಂಗಳೂರಿನ ಹುಡುಗನೇ ಮನಸ್ಸಿನ ತುಂಬ ಇದ್ದ.

“ಅತ್ತೆ, ಇವರ ಗುರುತು ನಮ್ಮ ಕಡೆ ಎಲ್ಲಾದರೂ ಉಳಿದಿದೆಯೇ?” ಎಂದು ಅವನು ಕೇಳಿದ. ಉಳಿದಿದೆ. ಕೊಡಗಿನ ಸಿದ್ದಾಪುರದ ಬಳಿ ಮೊಗ್ಲಿಂಗರು ಹೊಸದಾಗಿ ಕಟ್ಟಿದ ಊರಿನ ಹೆಸರು ಆನಂದಪುರ. ಅದು ಆನಂದರಾಯರ ಹೆಸರು. ಮೊಗ್ಲಿಂಗ್ ತೀರಿಕೊಂಡ ಮರುವರ್ಷವೇ ಗುಂಡರ್ಟ್ ತಮ್ಮ ಗೆಳೆಯನ ಜೀವನಚರಿತ್ರೆಯನ್ನು ಜರ್ಮನ್ನಿನಲ್ಲಿ ಪ್ರಕಟಿಸಿದರು. ಗುಂಡರ್ಟರೂ ಕೌಂಡಿನ್ಯರೂ 1893ರಲ್ಲಿ, ಒಂದೇ ವರ್ಷದಲ್ಲಿ, ಒಬ್ಬರು ಕಾಲ್ವ್‌ನಲ್ಲಿಯೂ ಇನ್ನೊಬ್ಬರು ಭಾರತದಲ್ಲಿಯೂ ತೀರಿಕೊಂಡರು.

ಡಿಸೆಂಬರಿನಲ್ಲಿ ಅವನು ರಜೆಗೆ ಊರಿಗೆ ಬರುತ್ತಾನೆ. ಆಗ ಇಬ್ಬರೂ ಆನಂದಪುರಕ್ಕೆ ಹೋಗುವುದೆಂದು ಬಾಸೆಲ್ ನಿಲ್ದಾಣದಲ್ಲೇ ಮಾತಾಗಿದೆ.